ಪಟ್ಟೋಲೆ ಪಳಮೆಯ ನಡಿಕೇರಿಯಂಡ ಚಿಣ್ಣಪ್ಪ

ಕಾಡಿನ ದಾರಿಯಲ್ಲಿ ಹಲವರು ನಡೆದುಹೋಗುತ್ತಾರೆ. ಅವರಲ್ಲಿ ಯಾರೋ ಒಬ್ಬನ ಕಣ್ಣಿಗೆ ಮಾತ್ರ ಕಾಲಡಿಯ ಒಣಬೇರು ಹಾರಲು ಹೊರಟ ಹಕ್ಕಿಯಂತೆ ಕಾಣುತ್ತದೆ. ಹೊಳೆಯ ದಂಡೆಯ ನುಣುಪಾದ ಕಲ್ಲು, ಒಡೆದ ಗಡಿಗೆಯ ಚೂರು, ಹಳೆಯ ಬಾಗಿಲಿನ ಸವೆದ ತುಂಡು ಮುಂತಾಗಿ ಇತರರು ದಾಟಿಹೋದ ವಸ್ತುಗಳನ್ನು ಅವನು ಎತ್ತಿಕೊಂಡು ಮನೆಗೆ ತರುತ್ತಾನೆ. ಒಂದಕ್ಕೊಂದು ಹೊಂದಿಸಿ ಅವುಗಳಿಗೆ ಹೊಸ ರೂಪವನ್ನು ಕೊಡುತ್ತಾನೆ. ಹೀಗೆ ಹೆಕ್ಕಿ ತಂದ ವಸ್ತುಗಳಿಂದಲೇ ಕಲಾಕೃತಿಗಳನ್ನು ನಿರ್ಮಿಸುವ ಕಲಾವಿದರು ಜಗತ್ತಿನಲ್ಲಿ ಅನೇಕರಿದ್ದಾರೆ. ಆದರೆ ಹೆಕ್ಕಬೇಕಾದ ವಸ್ತುವು ಹಾಡಾಗಿದ್ದರೆ ಏನು ಮಾಡಬೇಕು? ಹಾಡು ಕಲ್ಲಿನಂತೆ ದಂಡೆಯಲ್ಲಿ ಬಿದ್ದಿರುವುದಿಲ್ಲ. ಅದು ಹಾಡುವವನ ನೆನಪಿನಲ್ಲಿದ್ದು, ಉಸಿರಿನೊಡನೆ ಹೊರಬಂದು, ಗಾಳಿಯಲ್ಲಿ ಕರಗಿಹೋಗುತ್ತದೆ. ಹಾಡುವವನು ಕಣ್ಮುಚ್ಚಿದರೆ ಅದೂ ಅವನೊಡನೆಯೇ ಮಣ್ಣುಗೂಡುತ್ತದೆ. ಇಂತಹ ವಸ್ತುವನ್ನು ಊರೂರುಗಳಲ್ಲಿ ಅರಸಿ, ಹೆಕ್ಕಿ, ಜೋಪಾನವಾಗಿ ಜೋಡಿಸಿ, ಗ್ರಂಥರೂಪದಲ್ಲಿ ತಮ್ಮ ನಾಡಿಗೆ ಒಪ್ಪಿಸಿದ ಮಹನೀಯರೊಬ್ಬರು ಕೊಡಗಿನಲ್ಲಿದ್ದರು. ಅವರೇ ನಡಿಕೇರಿಯಂಡ ಚಿಣ್ಣಪ್ಪನವರು.

ಕೊಡಗು ಸಹ್ಯಾದ್ರಿಯ ಮಡಿಲಿನಲ್ಲಿರುವ ಚಿಕ್ಕ ನಾಡು. ಬ್ರಹ್ಮಗಿರಿಯ ತಪ್ಪಲಿನ ತಲಕಾವೇರಿಯಲ್ಲಿ ಉಗಮಿಸುವ ಕಾವೇರಿಯು ಈ ನಾಡಿನ ಕುಲದೇವತೆ. ಬೆಟ್ಟಗಳ ನಡುವಿನ ಗದ್ದೆಗಳು, ಗದ್ದೆಗಳ ಅಂಚಿನ ಒಂಟಿಮನೆಗಳು, ಸುತ್ತಲೂ ಮಳೆಯಿಂದ ತೊಯ್ದ ಕಾಡು. ಇದು ಹಿಂದಿನ ಕೊಡಗಿನ ಚಿತ್ರ. ಹಾಲೇರಿ ವಂಶದ ಅರಸರು ಆಳುತ್ತಿದ್ದ ಈ ನಾಡನ್ನು 1834ರಲ್ಲಿ ಇಂಗ್ಲಿಷರು ವಶಪಡಿಸಿಕೊಂಡರು. ಅಂದಿನಿಂದ ನಾಡಿನ ಬಾಳು ಮೆಲ್ಲಮೆಲ್ಲನೆ ಬದಲಾಗತೊಡಗಿತು. ಕಾಡು ಕಡಿದು ಕಾಫಿಯ ತೋಟಗಳನ್ನು ಬೆಳೆಸಿದರು. ಶಾಲೆಗಳು ಬಂದವು, ಕಚೇರಿಗಳು ಬಂದವು. ಗದ್ದೆಯ ಕೆಲಸವನ್ನೇ ನಂಬಿದ್ದ ಮನೆಗಳ ತರುಣರು ಓದಿ, ಸರ್ಕಾರದ ನೌಕರಿಗೂ ಸೈನ್ಯಕ್ಕೂ ಸೇರತೊಡಗಿದರು. ಈ ಬದಲಾವಣೆಯ ಕಾಲದಲ್ಲಿಯೇ, 1875ರಲ್ಲಿ, ಕರಡ ಗ್ರಾಮದಲ್ಲಿ ಚಿಣ್ಣಪ್ಪನವರು ಜನಿಸಿದರು.

ಕೊಡವರಲ್ಲಿ ವ್ಯಕ್ತಿಯ ಹೆಸರಿಗೆ ಮೊದಲು ಅವನ ಮನೆತನದ ಹೆಸರು ಬರುತ್ತದೆ. ನಡಿಕೇರಿಯಂಡ ಎಂಬುದು ಚಿಣ್ಣಪ್ಪನವರ ಮನೆತನದ ಹೆಸರು. ಒಬ್ಬ ಮೂಲಪುರುಷನಿಂದ ಬೆಳೆದುಬಂದ ಮನೆತನಕ್ಕೆ ಒಕ್ಕ ಎಂದು ಹೆಸರು. ಒಕ್ಕದವರೆಲ್ಲರಿಗೂ ಸೇರಿದ ಹಿರಿಯರ ಮನೆಯೇ ಐನ್‌ಮನೆ. ಮೂಲಪುರುಷನನ್ನು ಕಾರಣವನೆಂದು ಕರೆದು, ಅವನ ನೆನಪಿಗಾಗಿ ಕಟ್ಟಿದ ಕೈಮಡದಲ್ಲಿ ಪೂಜಿಸುತ್ತಾರೆ. ಹೀಗೆ ಹೆಸರಿನಲ್ಲಿಯೇ ಹಿರಿಯರನ್ನು ಹೊತ್ತು ನಡೆಯುವ ಜನರಿಗೆ ಹಿಂದಿನವರ ನೆನಪು ನಿತ್ಯದ ಬದುಕಿನ ಒಂದು ಭಾಗ. ಆದರೆ ಆ ನೆನಪನ್ನು ಅವರು ಬರೆದಿಟ್ಟಿರಲಿಲ್ಲ. ಕೊಡವ ಭಾಷೆಗೆ ಬಳಕೆಯಲ್ಲಿ ನಿಂತ ತನ್ನದೇ ಆದ ಲಿಪಿಯಿರಲಿಲ್ಲ. ಆದುದರಿಂದ ದೇವರ ಕಥೆ, ವೀರರ ಸಾಹಸ, ಮದುವೆಯ ವಿಧಿ, ಸಾವಿನ ಶೋಕ, ಸುಗ್ಗಿಯ ಸಂತೋಷ ಇವೆಲ್ಲವೂ ಹಾಡುಗಳಲ್ಲಿಯೇ ಉಳಿದುಬಂದಿದ್ದವು.

ಈ ಹಾಡುಗಳಿಗೆ ಬಾಳೋಪಾಟ್ ಎಂದು ಹೆಸರು. ಇವನ್ನು ನಾಲ್ವರು ಗಂಡಸರು ಸೇರಿ ಹಾಡುತ್ತಾರೆ. ನಾಲ್ವರ ಕೈಯಲ್ಲಿಯೂ ದುಡಿಗಳಿರುತ್ತವೆ. ದುಡಿಯು ನಡು ಸಣ್ಣದಾದ ಪುಟ್ಟ ಚರ್ಮವಾದ್ಯ. ನೋಡಲು ಆಟದ ಸಾಮಾನಿನಂತಿದ್ದರೂ ಕೊಡವರ ಬಾಳಿನಲ್ಲಿ ಅದಕ್ಕೆ ದೊಡ್ಡ ಸ್ಥಾನವಿದೆ. ಇಬ್ಬರು ಒಂದು ಸಾಲನ್ನು ಹಾಡಿದರೆ, ಉಳಿದ ಇಬ್ಬರು ಅದನ್ನೇ ಮರಳಿ ಹಾಡುತ್ತಾರೆ. ಆ ಬಿಡುವಿನಲ್ಲಿ ಮೊದಲಿನವರು ಮುಂದಿನ ಸಾಲನ್ನು ನೆನಪಿಗೆ ತಂದುಕೊಳ್ಳುತ್ತಾರೆ. ಪುಸ್ತಕವಿಲ್ಲದ ಕಾಲದಲ್ಲಿ ಗಂಟೆಗಟ್ಟಲೆ ಹಾಡುವುದಕ್ಕೆ ಜನಪದರು ಕಂಡುಕೊಂಡ ಜಾಣ ಉಪಾಯವಿದು. ಮದುವೆಯಲ್ಲಿ ಹಾಡುವಾಗ ಆ ಮನೆಯ ಹೆಸರನ್ನೂ ವಧೂವರರ ಹೆಸರನ್ನೂ ಹಾಡಿನೊಳಗೆ ಹೆಣೆಯಬೇಕು. ಸಾವಿನ ಮನೆಯಲ್ಲಿ ಹಾಡುವಾಗ ತೀರಿಕೊಂಡವರ ಬಾಳನ್ನು ನೆನೆಯಬೇಕು. ಹುತ್ತರಿಯ ಕಾಲದಲ್ಲಿ ಮನೆಯಿಂದ ಮನೆಗೆ ಹೋಗಿ, ಆಯಾ ಮನೆಯನ್ನು ಹರಸಿ ಹಾಡಬೇಕು. ಆದುದರಿಂದ ಹಾಡುಗಾರನಾದವನು ಹಾಡನ್ನು ಬಾಯಿಪಾಠ ಮಾಡಿದರೆ ಸಾಲದು. ಹಾಡಿನ ಕಟ್ಟನ್ನು ಅರಿತು, ಸಂದರ್ಭಕ್ಕೆ ತಕ್ಕಂತೆ ಅದನ್ನು ಮತ್ತೆ ಕಟ್ಟುವ ಶಕ್ತಿಯನ್ನು ಪಡೆದಿರಬೇಕು. ಇಂತಹ ವಿದ್ಯೆಯು ಹಿರಿಯರ ಜೊತೆಯಲ್ಲಿ ವರ್ಷಾನುವರ್ಷ ಹಾಡಿದವರಿಗೆ ಮಾತ್ರ ಒಲಿಯುತ್ತದೆ.

ಚಿಣ್ಣಪ್ಪನವರು ಬಾಳಿನಲ್ಲಿ ಹಲವು ವೃತ್ತಿಗಳನ್ನು ಕಂಡವರು. ಮೊದಲು ಅವರು ಕೊಡಗಿನ ಸೈನ್ಯದಳದಲ್ಲಿದ್ದರು. ಇಂಗ್ಲಿಷ್ ಸರ್ಕಾರವು ಕೊಡಗಿನವರಿಗಾಗಿಯೇ ಕಟ್ಟಿದ ಆ ಪಡೆಯು ಬಹುಕಾಲ ಬಾಳಲಿಲ್ಲ. 1904ರಲ್ಲಿ ಅದನ್ನು ವಿಸರ್ಜಿಸಲಾಯಿತು. ಅನಂತರ ಅವರು ಉಪಾಧ್ಯಾಯರಾಗಿ ಕೆಲಸಮಾಡಿದರು. ಕೊನೆಗೆ ಪೋಲೀಸ್ ಇಲಾಖೆಯನ್ನು ಸೇರಿ ಅಧಿಕಾರಿಯಾದರು. ಸೈನಿಕನ ಶಿಸ್ತು, ಉಪಾಧ್ಯಾಯನ ಅಕ್ಷರಪ್ರೇಮ, ಪೋಲೀಸ್ ಅಧಿಕಾರಿಯ ಶೋಧಕಬುದ್ಧಿ ಈ ಮೂರೂ ಅವರಲ್ಲಿ ಒಂದುಗೂಡಿದ್ದುವು. ಇವುಗಳ ಜೊತೆಗೆ ಅವರು ಹುಟ್ಟಿನಿಂದ ಕವಿಹೃದಯವನ್ನು ಪಡೆದಿದ್ದರು. ಮುಂದೆ ಅವರು ಕೈಗೊಂಡ ಕಾರ್ಯಕ್ಕೆ ಈ ನಾಲ್ಕು ಗುಣಗಳೂ ಬೇಕಾಗಿದ್ದುವು.

ಪೋಲೀಸ್ ಅಧಿಕಾರಿಗೆ ಊರೂರು ಸುತ್ತುವುದು ಕರ್ತವ್ಯ. ಅಪರಾಧಗಳ ವಿಚಾರಣೆಗಾಗಿ, ಶಾಂತಿಪಾಲನೆಗಾಗಿ ಅವನು ನಾಡಿನ ಮೂಲೆಮೂಲೆಗಳಿಗೂ ಹೋಗಬೇಕು. ಬಗೆಬಗೆಯ ಜನರೊಡನೆ ಮಾತನಾಡಬೇಕು. ಪೋಲೀಸರು ಬಂದರೆಂದರೆ ಹಳ್ಳಿಯವರು ಅಂಜಿ ಬಾಗಿಲು ಮುಚ್ಚುತ್ತಿದ್ದ ಕಾಲ ಅದು. ಅಂತಹ ಕಾಲದಲ್ಲಿ ಚಿಣ್ಣಪ್ಪನವರ ಸಂಚಾರಕ್ಕೆ ಇನ್ನೊಂದು ಉದ್ದೇಶವೂ ಇತ್ತು. ಹಾಡು ಬಲ್ಲ ಹಿರಿಯರನ್ನು ಅವರು ಕಂಡು, ಅವರಿಂದ ಹಾಡುಗಳನ್ನು ಕೇಳಿ ಬರೆದುಕೊಂಡರು. ಹಾಡುಗಳ ಜೊತೆಗೆ ಗಾದೆಗಳನ್ನು ಕೇಳಿದರು, ಒಗಟುಗಳನ್ನು ಕೇಳಿದರು, ಹಬ್ಬಹರಿದಿನಗಳ ವಿಧಿಗಳನ್ನೂ ಮದುವೆ ಮುಂಜಿಗಳ ಕಟ್ಟಳೆಗಳನ್ನೂ ವಿಚಾರಿಸಿದರು. ದೊಡ್ಡದು ಚಿಕ್ಕದೆಂಬ ಭೇದವಿಲ್ಲದೆ ನಾಡಿನ ಬಾಳಿಗೆ ಸೇರಿದ ಎಲ್ಲವನ್ನೂ ಅವರು ಹೆಕ್ಕಿದರು. ದೇವರ ಮಹಿಮೆಯನ್ನು ಹೇಳುವ ದೀರ್ಘವಾದ ಹಾಡು ಅವರಿಗೆ ಎಷ್ಟು ಅಮೂಲ್ಯವೋ ಮಕ್ಕಳ ಆಟದ ಹಾಡೂ ಅಷ್ಟೇ ಅಮೂಲ್ಯವಾಗಿತ್ತು.

ಈ ಕಾರ್ಯವು ಸುಲಭವಾದುದೆಂದು ಯಾರೂ ಭಾವಿಸಬಾರದು. ಧ್ವನಿಯನ್ನು ಹಿಡಿದಿಡುವ ಯಂತ್ರಗಳು ಆ ಕಾಲಕ್ಕೆ ಹುಟ್ಟಿದ್ದುವಾದರೂ ಅವು ಕೊಡಗಿನ ಹಳ್ಳಿಗಳಲ್ಲಿ ದೊರೆಯುವಂತಿರಲಿಲ್ಲ. ಕೇಳುವ ಕಿವಿ, ಬರೆಯುವ ಕೈ, ತಾಳ್ಮೆಯುಳ್ಳ ಮನಸ್ಸು ಇವೇ ಸಂಗ್ರಾಹಕನ ಸಲಕರಣೆಗಳು. ದುಡಿಯ ಬಡಿತಕ್ಕೆ ಸರಿಯಾಗಿ ಹಾಡು ಹೊಳೆಯಂತೆ ಹರಿಯುತ್ತಿರುವಾಗ ಬರೆಯುವವನ ಕೈ ಅದರ ಹಿಂದೆ ಓಡಲಾರದು. ಹಾಡುವುದನ್ನು ನಿಲ್ಲಿಸಿ, ಸಾಲುಸಾಲಾಗಿ ಹೇಳೆಂದರೆ, ರಾಗತಾಳಗಳ ಆಸರೆ ತಪ್ಪಿದ ಹಾಡುಗಾರನಿಗೆ ಪದಗಳು ಮರೆತುಹೋಗುತ್ತವೆ. ಒಂದೇ ಹಾಡನ್ನು ಒಂದು ಊರಿನವರು ಒಂದು ರೀತಿಯಲ್ಲಿ ಹಾಡಿದರೆ, ಬೆಟ್ಟದಾಚೆಯ ಊರಿನವರು ಇನ್ನೊಂದು ರೀತಿಯಲ್ಲಿ ಹಾಡುತ್ತಾರೆ. ಅದರಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ನಿರ್ಧರಿಸಲು ಭಾಷೆಯ ಜ್ಞಾನವೂ ರಸಜ್ಞತೆಯೂ ಬೇಕು.

ಲಿಪಿಯದು ಮತ್ತೊಂದು ತೊಡಕು. ಕೊಡವ ಭಾಷೆಯು ಕನ್ನಡದ ಸೋದರಭಾಷೆ. ದ್ರಾವಿಡ ಭಾಷಾವರ್ಗಕ್ಕೆ ಸೇರಿದುದು. ಆದರೂ ಕನ್ನಡದಲ್ಲಿಲ್ಲದ ಕೆಲವು ಸ್ವರಗಳು ಅದರಲ್ಲಿವೆ. ನಾಲಗೆಯನ್ನು ಬಾಯಿಯ ನಡುವೆ ನಿಲ್ಲಿಸಿ, ತುಟಿಗಳನ್ನು ದುಂಡಗೆ ಮಾಡದೆ ಉಚ್ಚರಿಸುವ ಆ ಸ್ವರಗಳಿಗೆ ಕನ್ನಡದ ವರ್ಣಮಾಲೆಯಲ್ಲಿ ಚಿಹ್ನೆಗಳಿಲ್ಲ. ಹೀಗಿದ್ದರೂ ಚಿಣ್ಣಪ್ಪನವರು ಕನ್ನಡ ಲಿಪಿಯನ್ನೇ ಆರಿಸಿಕೊಂಡರು. ಕೊಡಗಿನ ಶಾಲೆಗಳಲ್ಲಿ ಮಕ್ಕಳು ಕಲಿಯುತ್ತಿದ್ದುದು ಕನ್ನಡ. ನಾಡಿನ ಜನರು ಓದಬಲ್ಲ ಲಿಪಿಯಲ್ಲಿ ಬರೆದರೆ ತಾನೆ ನಾಡಿನ ಹಾಡು ನಾಡಿಗೆ ಮರಳಿ ತಲುಪುವುದು? ಹೀಗೆ ಕೊಡವರ ನುಡಿಯು ಕನ್ನಡದ ಅಕ್ಷರಗಳ ಆಸರೆಯನ್ನು ಪಡೆದು ಉಳಿಯಿತು. ನೆರೆಯ ಭಾಷೆಗಳು ಒಂದಕ್ಕೊಂದು ಹೇಗೆ ನೆರವಾಗಬಲ್ಲವೆಂಬುದಕ್ಕೆ ಇದೊಂದು ಒಳ್ಳೆಯ ನಿದರ್ಶನ.

ಕೊಡವರಲ್ಲಿ ಸಲಕರಣೆಗಳ ಮೇಲಿನ ಪ್ರೀತಿಯು ಒಂದು ಹಬ್ಬವಾಗಿಯೇ ಬೆಳೆದಿದೆ. ಗದ್ದೆಯ ನಾಟಿಯ ಕೆಲಸ ಮುಗಿದ ಮೇಲೆ, ಸೆಪ್ಟೆಂಬರ್ ತಿಂಗಳಿನ ಆರಂಭದಲ್ಲಿ, ಕೈಲ್‌ಪೊಳ್ದ್ ಎಂಬ ಹಬ್ಬ ಬರುತ್ತದೆ. ಅಂದು ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನೂ ವ್ಯವಸಾಯದ ಸಲಕರಣೆಗಳನ್ನೂ ತೊಳೆದು, ಒರೆಸಿ, ಮನೆಯ ದೇವರ ಕೋಣೆಯಲ್ಲಿರಿಸುತ್ತಾರೆ. ತೋಕ್‌ಪೂ ಎಂಬ ಕೆಂಪು ಹಳದಿ ಬಣ್ಣದ ಕಾಡುಹೂವಿನಿಂದ ಅವನ್ನು ಅಲಂಕರಿಸಿ ಪೂಜಿಸುತ್ತಾರೆ. ದುಡಿದ ಎತ್ತುಗಳಿಗೂ ಅಂದು ಬಿಡುವು. ತನಗೆ ಅನ್ನವನ್ನೂ ರಕ್ಷಣೆಯನ್ನೂ ಕೊಟ್ಟ ವಸ್ತುವಿಗೆ ಮನುಷ್ಯನು ಸಲ್ಲಿಸುವ ಕೃತಜ್ಞತೆಯಿದು. ಈ ಹಬ್ಬದ ಆಚರಣೆಯನ್ನೂ ಚಿಣ್ಣಪ್ಪನವರು ತಮ್ಮ ಗ್ರಂಥದಲ್ಲಿ ದಾಖಲಿಸಿದ್ದಾರೆ. ಕೋವಿ ಹಿಡಿದ ಕುಲದಲ್ಲಿ ಹುಟ್ಟಿ, ಸೈನ್ಯದಲ್ಲಿಯೂ ಪೋಲೀಸ್ ಇಲಾಖೆಯಲ್ಲಿಯೂ ಆಯುಧದೊಡನೆ ಬಾಳಿದ ಅವರು ನಾಡಿಗೆ ಶಾಶ್ವತವಾದ ಉಪಕಾರವನ್ನು ಮಾಡಿದುದು ಲೇಖನಿಯಿಂದ.

ಹಲವು ವರ್ಷಗಳ ಈ ಪರಿಶ್ರಮದ ಫಲವಾಗಿ 1924ರಲ್ಲಿ ಪಟ್ಟೋಲೆ ಪಳಮೆ ಎಂಬ ಗ್ರಂಥವು ಪ್ರಕಟವಾಯಿತು. ಪಟ್ಟ್ ಎಂದರೆ ರೇಷ್ಮೆ. ಓಲೆ ಎಂದರೆ ಬರೆಯುವ ಓಲೆಗರಿ. ಪಳಮೆ ಎಂದರೆ ಹಿಂದಿನಿಂದ ಬಂದ ಹೇಳಿಕೆ, ಸಂಪ್ರದಾಯ. ರೇಷ್ಮೆಯ ಓಲೆಯಲ್ಲಿ ಬರೆದಿಡಬೇಕಾದಷ್ಟು ಬೆಲೆಯುಳ್ಳ ಹಳಮೆಯೆಂಬ ಭಾವವು ಆ ಹೆಸರಿನಲ್ಲಿ ಅಡಗಿದೆ. ಗ್ರಂಥದ ಸುಮಾರು ಮೂರನೆಯ ಎರಡು ಭಾಗವನ್ನು ಹಾಡುಗಳೇ ತುಂಬಿವೆ. ಕಾವೇರಿಯ ಹಾಡು, ಇಗ್ಗುತಪ್ಪನೇ ಮೊದಲಾದ ದೇವರುಗಳ ಹಾಡು, ಹುತ್ತರಿಯ ಹಾಡು, ಮದುವೆಯ ಹಾಡು, ಸಾವಿನ ಹಾಡು, ವೀರರ ಹಾಡು ಇವೆಲ್ಲವೂ ಅಲ್ಲಿವೆ. ಉಳಿದ ಭಾಗದಲ್ಲಿ ಕೊಡವರ ಆಚಾರವಿಚಾರಗಳ ವಿವರಣೆಯಿದೆ. ಗಾದೆಗಳೂ ಒಗಟುಗಳೂ ಇವೆ.

ಬಗೆಬಗೆಯ ಈ ವಸ್ತುಗಳು ಒಂದೆಡೆ ಸೇರಿದಾಗ ಒಂದು ವಿಶೇಷವು ಗೋಚರವಾಗುತ್ತದೆ. ಹುತ್ತರಿಯ ದಿನ ಹೊಸ ಭತ್ತದ ಕದಿರನ್ನು ಕೊಯ್ದು ಮನೆಗೆ ತರುವ ವಿಧಿಯನ್ನು ಓದಿದವನಿಗೆ, ಹುತ್ತರಿಯ ಹಾಡಿನ ಅರ್ಥ ಸ್ಪಷ್ಟವಾಗುತ್ತದೆ. ಮದುವೆಯ ಕಟ್ಟಳೆಗಳನ್ನು ತಿಳಿದವನಿಗೆ ಮದುವೆಯ ಹಾಡಿನ ಸೊಗಸು ಕಾಣುತ್ತದೆ. ಮನೆಯ ದಿನಬಳಕೆಯ ವಸ್ತುವನ್ನೇ ಮರೆಮಾಡಿ ಕೇಳುವ ಒಗಟನ್ನು ಬಿಡಿಸಬೇಕಾದರೆ ಆ ಮನೆಯೊಳಗೆ ಏನೇನಿತ್ತೆಂಬುದು ಗೊತ್ತಿರಬೇಕು. ಹೀಗೆ ಒಂದು ಭಾಗವು ಇನ್ನೊಂದಕ್ಕೆ ಬೆಳಕನ್ನು ನೀಡುತ್ತದೆ. ಕೇವಲ ಹಾಡುಗಳನ್ನು ಆರಿಸಿ ಅಚ್ಚುಹಾಕಿಸಿದ್ದರೆ ಈ ಪ್ರಯೋಜನವು ದೊರೆಯುತ್ತಿರಲಿಲ್ಲ. ಒಂದು ಜನಾಂಗದ ಬಾಳನ್ನು ಇಡಿಯಾಗಿ ಕಾಣುವ ದೃಷ್ಟಿ ಚಿಣ್ಣಪ್ಪನವರಿಗಿತ್ತು.

ಕೊಡಗಿನ ವಿಷಯವಾಗಿ ಅವರಿಗಿಂತ ಮೊದಲು ಬರೆದವರು ಇರಲಿಲ್ಲವೆಂದಲ್ಲ. ಕ್ಯಾಪ್ಟನ್ ಕೋಲ್ ಎಂಬ ಇಂಗ್ಲಿಷ್ ಅಧಿಕಾರಿಯು 1867ರಲ್ಲಿ ಕೊಡವ ಭಾಷೆಯ ವ್ಯಾಕರಣವನ್ನು ಪ್ರಕಟಿಸಿದ್ದನು. ರಿಕ್ಟರ್ ಎಂಬ ಜರ್ಮನ್ ಪಾದ್ರಿಯು 1870ರಲ್ಲಿ ಕೊಡಗಿನ ಕೈಪಿಡಿಯನ್ನು ಬರೆದಿದ್ದನು. ಅವರ ಶ್ರಮವು ಮೆಚ್ಚತಕ್ಕುದೇ. ಆದರೆ ಅವರು ಹೊರಗಿನಿಂದ ಬಂದು, ಹೊರಗಿನವರಿಗಾಗಿ ಬರೆದವರು. ಚಿಣ್ಣಪ್ಪನವರಾದರೋ ಆ ಹಾಡುಗಳ ನಡುವೆಯೇ ಹುಟ್ಟಿ ಬೆಳೆದು, ತಮ್ಮ ಜನರಿಗಾಗಿ ಬರೆದರು. ಭಾರತದ ಒಂದು ಜನಾಂಗದ ಜಾನಪದವನ್ನು ಅದೇ ಜನಾಂಗದವರೊಬ್ಬರು ಇಷ್ಟು ವಿಸ್ತಾರವಾಗಿ ಸಂಗ್ರಹಿಸಿದ ಮೊದಮೊದಲ ಪ್ರಯತ್ನಗಳಲ್ಲಿ ಪಟ್ಟೋಲೆ ಪಳಮೆಯೂ ಒಂದು.

ದೂರದ ಫಿನ್ಲೆಂಡ್ ದೇಶದಲ್ಲಿ ಇಂತಹುದೇ ಒಂದು ಘಟನೆ ನಡೆದಿತ್ತು. ಎಲಿಯಾಸ್ ಲೋನ್‌ರೋತ್ ಎಂಬಾತನು ಅಲ್ಲಿನ ಒಬ್ಬ ವೈದ್ಯ. ಅವನು ಹಳ್ಳಿಹಳ್ಳಿಗಳಿಗೆ ನಡೆದು, ಮುದುಕರ ಬಾಯಿಂದ ಹಾಡುಗಳನ್ನು ಕೇಳಿ ಬರೆದುಕೊಂಡು, ಅವುಗಳನ್ನು ಹೆಣೆದು 1835ರಲ್ಲಿ ಕಾಲೆವಾಲ ಎಂಬ ಮಹಾಕಾವ್ಯವನ್ನು ಪ್ರಕಟಿಸಿದನು. ಫಿನ್ಲೆಂಡಿನ ಜನರು ಇಂದಿಗೂ ಫೆಬ್ರವರಿ 28ನ್ನು ಕಾಲೆವಾಲದ ದಿನವೆಂದು ಆಚರಿಸುತ್ತಾರೆ. ನಮ್ಮ ದೇಶದಲ್ಲಿಯೂ ಚಿಣ್ಣಪ್ಪನವರ ಕಾಲದಲ್ಲಿ ಈ ಎಚ್ಚರವು ಹಲವು ಕಡೆಗಳಲ್ಲಿ ಮೂಡುತ್ತಿತ್ತು. ಬಂಗಾಳದಲ್ಲಿ ದಿನೇಶಚಂದ್ರ ಸೇನರು ಮೈಮನ್‌ಸಿಂಗ್ ಪ್ರಾಂತದ ಲಾವಣಿಗಳನ್ನು 1923ರಲ್ಲಿ ಪ್ರಕಟಿಸಿದರು. ಕನ್ನಡದಲ್ಲಿ ಫ. ಗು. ಹಳಕಟ್ಟಿಯವರು ಮನೆಮನೆಗಳಲ್ಲಿ ಅಡಗಿದ್ದ ವಚನಗಳ ಓಲೆಗರಿಗಳನ್ನು ಅರಸಿ, ಅದೇ 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದರು. ಹಲಸಂಗಿಯ ಗೆಳೆಯರು ಸಂಗ್ರಹಿಸಿದ ಗರತಿಯ ಹಾಡು 1931ರಲ್ಲಿ ಬೆಳಕು ಕಂಡಿತು. ಹಳಕಟ್ಟಿಯವರು ವಕೀಲರು, ಚಿಣ್ಣಪ್ಪನವರು ಪೋಲೀಸ್ ಅಧಿಕಾರಿ, ಲೋನ್‌ರೋತ್ ವೈದ್ಯ. ಹೊಟ್ಟೆಪಾಡಿನ ಕೆಲಸವನ್ನು ಮಾಡುತ್ತಲೇ ಇವರು ನಾಡಿನ ಕೆಲಸವನ್ನೂ ಮಾಡಿದರು.

ಚಿಣ್ಣಪ್ಪನವರು ಸಂಗ್ರಾಹಕರಷ್ಟೇ ಆಗಿರಲಿಲ್ಲ. ಸ್ವತಃ ಕವಿಗಳೂ ಆಗಿದ್ದರು. ಕಾವೇರಿಯನ್ನು ಕುರಿತು ಅವರು ರಚಿಸಿದ ಶ್ರೀ ಮೂಲಕನ್ನಿಯೇ ಎಂಬ ಪ್ರಾರ್ಥನಾಗೀತವು ಕೊಡವರಲ್ಲಿ ಬಹು ಪ್ರಸಿದ್ಧವಾಗಿದೆ. ಭಗವದ್ಗೀತೆಯನ್ನು ಅವರು ಭಗವಂತಂಡ ಪಾಟ್ ಎಂಬ ಹೆಸರಿನಿಂದ ಕೊಡವ ಭಾಷೆಗೆ ತಂದರು. ಅವರ ಹಿರಿಯ ಸಮಕಾಲೀನರಾದ ಹರದಾಸ ಅಪ್ಪಚ್ಚಕವಿಗಳು 1906ರಲ್ಲಿ ಯಯಾತಿ ನಾಟಕವನ್ನು ಬರೆದು, ಕೊಡವ ಭಾಷೆಯಲ್ಲಿ ನಾಟಕಸಾಹಿತ್ಯಕ್ಕೆ ಅಡಿಗಲ್ಲನ್ನಿಟ್ಟಿದ್ದರು. ಮನೆಯ ಮಾತೆಂದು ಕಡೆಗಣಿಸಲ್ಪಟ್ಟಿದ್ದ ನುಡಿಯೊಂದು ಇವರಿಬ್ಬರ ಕೈಯಲ್ಲಿ ಗ್ರಂಥಭಾಷೆಯ ಗೌರವವನ್ನು ಪಡೆಯಿತು. ಹಳೆಯ ಹಾಡುಗಳನ್ನು ಬರೆದುಕೊಳ್ಳುತ್ತ ಚಿಣ್ಣಪ್ಪನವರು ಗಳಿಸಿದ ಪದಸಂಪತ್ತು, ಗೀತೆಯ ಗಹನವಾದ ವಿಚಾರಗಳನ್ನು ಜನರ ಮಾತಿನಲ್ಲಿ ಹೇಳುವಾಗ ಅವರಿಗೆ ನೆರವಾಗಿರಬೇಕು.

1931ರಲ್ಲಿ ಚಿಣ್ಣಪ್ಪನವರು ತೀರಿಕೊಂಡರು. ಆದರೆ ಅವರ ಗ್ರಂಥದ ಬಾಳು ಮುಂದುವರಿಯಿತು. ಪ್ರಸಿದ್ಧ ಸಮಾಜಶಾಸ್ತ್ರಜ್ಞರಾದ ಎಂ. ಎನ್. ಶ್ರೀನಿವಾಸರು ಕೊಡವರ ಧರ್ಮ ಮತ್ತು ಸಮಾಜವನ್ನು ಕುರಿತು 1952ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಗ್ರಂಥಕ್ಕೆ ಪಟ್ಟೋಲೆ ಪಳಮೆಯ ನೆರವನ್ನು ಪಡೆದರು. 1956ರಲ್ಲಿ ಕೊಡಗು ವಿಶಾಲ ಮೈಸೂರು ರಾಜ್ಯದಲ್ಲಿ ಸೇರಿತು. ಕಾಲಕಾಲಕ್ಕೆ ಗ್ರಂಥವು ಮರುಮುದ್ರಣವಾಗಿ, ಅದರ ನಾಲ್ಕನೆಯ ಮುದ್ರಣವನ್ನು ಕರ್ನಾಟಕ ಕೊಡವ ಸಾಹಿತ್ಯ ಅಕಾಡೆಮಿಯು 2002ರಲ್ಲಿ ಹೊರತಂದಿತು. ಅವರ ಮೊಮ್ಮಕ್ಕಳಾದ ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿಗಳು ಇಡೀ ಗ್ರಂಥವನ್ನು ಇಂಗ್ಲಿಷಿಗೆ ಅನುವಾದಿಸಿದರು. ಅದು 2003ರಲ್ಲಿ ಪ್ರಕಟವಾಯಿತು. ತಾತನು ಹೆಕ್ಕಿ ತಂದುದನ್ನು ಮೊಮ್ಮಕ್ಕಳು ಜಗತ್ತಿನ ಮುಂದಿಟ್ಟರು.

ಇಂದಿಗೂ ಕೊಡಗಿನಲ್ಲಿ ಹುತ್ತರಿಯ ಕಾಲಕ್ಕೆ ದುಡಿಯ ದನಿ ಕೇಳಿಬರುತ್ತದೆ. ಮದುವೆಯ ಮನೆಗಳಲ್ಲಿ ಬಾಳೋಪಾಟ್ ಹಾಡುವವರಿದ್ದಾರೆ. ಅಂದು ಚಿಣ್ಣಪ್ಪನವರು ಬರೆದಿಟ್ಟುದರಿಂದ ಇಂದಿನ ತರುಣರಿಗೆ ಆ ಹಾಡುಗಳನ್ನು ಪುಸ್ತಕದಿಂದಲೂ ಕಲಿಯುವ ಅವಕಾಶ ದೊರೆತಿದೆ. ಆದರೂ ಅಪಾಯವು ಪೂರ್ತಿಯಾಗಿ ಕಳೆದಿಲ್ಲ. 2011ರ ಜನಗಣತಿಯ ಪ್ರಕಾರ ಕೊಡವ ಭಾಷೆಯನ್ನು ತಾಯ್ನುಡಿಯೆಂದು ಹೇಳಿಕೊಂಡವರ ಸಂಖ್ಯೆ ಒಂದು ಲಕ್ಷಕ್ಕಿಂತ ಸ್ವಲ್ಪ ಹೆಚ್ಚು. ಕೆಲಸವನ್ನರಸಿ ದೂರದ ನಗರಗಳಿಗೆ ಹೋದವರ ಮನೆಗಳಲ್ಲಿ ಮಕ್ಕಳು ಬೇರೆ ಭಾಷೆಗಳಲ್ಲಿ ಮಾತನಾಡುತ್ತಾರೆ. ಹಾಡು ಅಚ್ಚಿನಲ್ಲಿ ಉಳಿಯಿತೆಂದ ಮಾತ್ರಕ್ಕೆ ಹಾಡುವವರು ಉಳಿಯುವರೆಂಬ ಭರವಸೆಯಿಲ್ಲ. ಗ್ರಂಥವು ಬೀಜವನ್ನು ಕಾಪಾಡಬಲ್ಲದು. ಅದನ್ನು ಬಿತ್ತಿ ಬೆಳೆಯಬೇಕಾದವರು ಬದುಕಿರುವ ಜನರು.

ಇದು ಕೊಡಗಿಗೆ ಮಾತ್ರ ಸಂಬಂಧಿಸಿದ ವಿಷಯವೂ ಅಲ್ಲ. ಬಯಲುಸೀಮೆಯ ಬೀಸುಕಲ್ಲಿನ ಪದಗಳು, ಕರಾವಳಿಯ ಪಾಡ್ದನಗಳು, ಮಲೆನಾಡಿನ ಸುಗ್ಗಿಯ ಹಾಡುಗಳು, ಲಂಬಾಣಿ ತಾಂಡ್ಯಗಳ ಗೀತೆಗಳು ಎಲ್ಲಕ್ಕೂ ಇದೇ ಪರಿಸ್ಥಿತಿ. ವಿದ್ಯಾರ್ಥಿಗಳಾದ ನಿಮ್ಮ ಮನೆಗಳಲ್ಲಿಯೂ ಅಜ್ಜಿಯರಿಗೆ, ತಾತಂದಿರಿಗೆ ಗೊತ್ತಿರುವ ಹಾಡುಗಳು, ಕಥೆಗಳು, ಗಾದೆಗಳು ಇರಬಹುದು. ಅವುಗಳನ್ನು ಕೇಳುವುದಕ್ಕೆ ಹಣ ಬೇಕಿಲ್ಲ, ಪಾಂಡಿತ್ಯವೂ ಬೇಕಿಲ್ಲ. ಹಿರಿಯರ ಬಳಿ ಕುಳಿತು ಕಿವಿಗೊಡುವ ವ್ಯವಧಾನ ಬೇಕು. ಹಗಲೆಲ್ಲ ಇಲಾಖೆಯ ಹೊಣೆಯನ್ನು ಹೊತ್ತಿದ್ದ ನಡಿಕೇರಿಯಂಡ ಚಿಣ್ಣಪ್ಪನವರಿಗೆ ಆ ವ್ಯವಧಾನವಿತ್ತು. ಅದರಿಂದಾಗಿಯೇ, ಅವರ ಕಾಲದಲ್ಲಿ ಹಾಡಿದವರೆಲ್ಲರೂ ಮರೆಯಾದರೂ, ಅವರ ಹಾಡು ನಮ್ಮ ಕಾಲದವರೆಗೆ ಬಂದು ತಲುಪಿದೆ.